ಓರೆ ಬಿಸಿಲು

ಸ್ಟಾಕ್‌ಹೋಮಿನ ನವೆಂಬರಿನಲ್ಲಿ ಬೆಳಗಾಗುವುದು ಗೊತ್ತೇ ಆಗುವುದಿಲ್ಲ. ಕೋಳಿ ಕೂಗುವುದಿಲ್ಲ, ಮೂಡಣ ಕೆಂಪೇರುವುದಿಲ್ಲ. ಕಿಟಕಿಯಾಚೆಯ ಕಪ್ಪು ಯಾವುದೋ ಹೊತ್ತಿನಲ್ಲಿ ಬೂದಿಬಣ್ಣಕ್ಕೆ ತಿರುಗಿರುತ್ತದೆ, ಆ ಬೂದಿಯೊಳಗಿಂದ ಎದುರು ಮನೆಯ ಮಾಡು, ಎಲೆ ಉದುರಿಸಿಕೊಂಡ ಬರ್ಚ್ ಮರದ ಬಿಳಿ ಕಾಂಡ, ಅದಕ್ಕೆ ಒರಗಿಸಿಟ್ಟ ಸೈಕಲ್ಲಿನ ಒದ್ದೆ ಸೀಟು ಒಂದೊಂದಾಗಿ ಮೂಡಿ ಬಂದು, ಇನ್ನೇನು ಪೂರ್ತಿ ಕಾಣಬೇಕು ಅನ್ನುವಷ್ಟರಲ್ಲಿ ಮತ್ತೆ ಮಾಸತೊಡಗುತ್ತವೆ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ಹುಟ್ಟುವುದು ಬೆಳಿಗ್ಗೆ 8.45ರ ಸುಮಾರಿಗೆ, ಮುಳುಗುವುದು ಮಧ್ಯಾಹ್ನ 2.48ರ ಸುಮಾರಿಗೆ. ನಡುವಿನ ಆರು ಗಂಟೆಯಲ್ಲೂ ಅವನು ನೆತ್ತಿಯ ಕಡೆಗೆ ಬರುವವನಲ್ಲ. ನಡುಹಗಲಿನಲ್ಲಿ ದಿಗಂತದಿಂದ ಬರೀ 7 ಡಿಗ್ರಿ ಎದ್ದು, ಕೈ ನೀಡಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಎತ್ತರವನ್ನೂ ದಾಟದೆ, ಪೈನ್ ಮರಗಳ ತುದಿಯನ್ನು ಸವರಿಕೊಂಡು ಓರೆಯಾಗಿ ಇಳಿದುಬಿಡುತ್ತಾನೆ. ಅದೇ ದಿನ ಬೆಂಗಳೂರಿನ ಮಧ್ಯಾಹ್ನ ಅವನು 53 ಡಿಗ್ರಿಯ ಮೇಲೆ ನಿಂತಿರುತ್ತಾನೆ, ಯಾರೂ ತಲೆಯೆತ್ತಿ ನೋಡದೆ ಇದ್ದರೂ.

ನಮ್ಮ ಕಡೆಯಿಂದ ಇಲ್ಲಿಗೆ ಕೆಲಸಕ್ಕೋ ಓದಿಗೋ ಬರುವವರು ಹೆಚ್ಚಾಗಿ ಬೇಸಿಗೆಯ ಕೊನೆಗೆ ಬರುತ್ತಾರೆ. ಆಗಸ್ಟಿನಲ್ಲಿ ಈ ಊರು ನೀರು ಮತ್ತು ಬೆಳಕು ಎರಡರಿಂದಲೇ ಕಟ್ಟಿದ್ದು ಎನಿಸುತ್ತದೆ. ಮೇಲಾರೆನ್ ಸರೋವರ ಬಾಲ್ಟಿಕ್ ಕಡಲಿಗೆ ಇಳಿಯುವ ಜಾಗದಲ್ಲಿ ನಿಂತರೆ ಸಂಜೆ ಎಂಟರವರೆಗೂ ಅಲೆಯಲೆಯ ಮೇಲೂ ಹೊನ್ನು, ಕಾಡಿನ ನೆಲದ ತುಂಬ ನೀಲಿ ಬ್ಲೂಬೆರಿ, ಜನರ ಮುಖದ ಮೇಲೆ ಇನ್ನೂ ಆರದ ಬಿಸಿಲು. ಆ ಹೊತ್ತಿನಲ್ಲಿ ಬಂದವರಿಗೆ ಅಕ್ಟೋಬರ್ ಕಳೆಯುತ್ತಿದ್ದಂತೆ ಒಳಗೇನೋ ಮೆಲ್ಲಗೆ ಕುಸಿಯತೊಡಗಿದರೆ ಕಾರಣ ಹೊಳೆಯುವುದಿಲ್ಲ. ಕೆಲಸ ಸರಿಯಾಗಿದೆ, ಮನೆ ಬೆಚ್ಚಗಿದೆ, ಅಕ್ಕಿಬೇಳೆ ಸಿಗುತ್ತದೆ. ಆದರೂ ಬೆಳಿಗ್ಗೆ ಎದ್ದರೆ ಮೈ ಎದ್ದಿರುವುದಿಲ್ಲ. ಹತ್ತು ಗಂಟೆ ಮಲಗಿದರೂ ಇನ್ನೂ ನಿದ್ದೆ ಬಾಕಿಯಿದೆ ಎನಿಸುತ್ತದೆ. ಅನ್ನ, ಸಿಹಿ, ಬ್ರೆಡ್ಡು ಎಷ್ಟು ತಿಂದರೂ ಇನ್ನಷ್ಟು ಬೇಕೆನಿಸುತ್ತದೆ. ಫೋನು ರಿಂಗಾದರೆ ಎತ್ತುವ ಮನಸ್ಸಿಲ್ಲ, ಯಾರಾದರೂ ಊಟಕ್ಕೆ ಕರೆದರೆ ಏನಾದರೊಂದು ನೆಪ. ‘ಏನೋ ಒಂಥರಾ’ ಎಂದಷ್ಟೇ ಹೇಳಲು ಬರುವ ಒಂದು ಮಂಕು, ಹಾಗೆ ಹೇಳಿದ ಮೇಲೂ ಕೇಳಿದವರಿಗೆ ಏನೂ ಮುಟ್ಟದ ಮಂಕು.

ಚಳಿಗಾಲದಲ್ಲಿ ಊರಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ಅಂತರ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಮ್ಮ ತುಳಸಿಕಟ್ಟೆಗೆ ದೀಪವಿಟ್ಟು, ಕೊಟ್ಟಿಗೆಯ ಬಾಗಿಲು ಹಾಕಿ ಬಂದು, ಏಳು ಗಂಟೆಗೆ ಫೋನು ಮಾಡಿದರೆ ಇಲ್ಲಿ ಮಧ್ಯಾಹ್ನ ಎರಡೂವರೆ. “ಎಂತ ಆಯ್ತೇ, ದನಿ ಯಾಕೆ ಹಿಂಗಿದೆ? ಬಿಸಿಲು ಬಂತಾ ಇವತ್ತು?” ಎಂದು ಅವಳು ಕೇಳುವ ಹೊತ್ತಿಗೆ ಇಲ್ಲಿ ಮುಳುಗಲು ಸೂರ್ಯನಿಗೆ ಇನ್ನು ಕಾಲು ಗಂಟೆ ಉಳಿದಿರುತ್ತದೆ. ಅವಳ ಬೆನ್ನ ಹಿಂದಿನ ಜೀರುಂಡೆ ಸದ್ದು, ದೂರದಲ್ಲೆಲ್ಲೋ ದನದ ಕೊರಳ ಗಂಟೆ ಈ ಕಿವಿಯೊಳಗೆ. ಹಿಮದ ಮೇಲೆ ನಡೆಯುವವರ ಬೂಟಿನ ಕರಕರ ಆ ಕಿವಿಯೊಳಗೆ. ಆಗ ತಟ್ಟನೆ ಒಂದು ವಿಸ್ಮಯ ಹುಟ್ಟುತ್ತದೆ: ಸಾವಿರಾರು ಮೈಲಿ ದೂರವಿದ್ದೂ ಡಿಸೆಂಬರಿನ ಈ ಕೆಲವು ವಾರ ನಾವಿಬ್ಬರೂ ಹೆಚ್ಚುಕಮ್ಮಿ ಒಂದೇ ಮುಸ್ಸಂಜೆಯಲ್ಲಿ ಇರುತ್ತೇವೆ. ಜೂನಿನಲ್ಲಿ ಹೀಗಾಗುವುದಿಲ್ಲ, ಆಗ ಅವಳು ರಾತ್ರಿ ಮಲಗಿ ಒಂದು ನಿದ್ದೆ ಮುಗಿಸಿದ ಮೇಲೂ ನಮ್ಮ ಕಿಟಕಿಯಲ್ಲಿ ಹಗಲಿರುತ್ತದೆ. ಕತ್ತಲೆಯ ತಿಂಗಳೇ ನಮ್ಮನ್ನು ಒಂದೇ ದೀಪದ ಹೊತ್ತಿಗೆ ತಂದು ಕೂರಿಸುತ್ತದೆ.

ಈ ಮಂಕು ಮನಸ್ಸಿನ ದೌರ್ಬಲ್ಯವೆಂದೋ, ಮನೆಯ ನೆನಪೆಂದೋ, ಇಲ್ಲಿಯ ಜನ ಮಾತು ಕಮ್ಮಿ ಎಂದೋ ನಾವು ಕಾರಣ ಹುಡುಕುತ್ತ ಹೋಗುತ್ತೇವೆ. ಮನೆಯ ನೆನಪು ಸುಳ್ಳಲ್ಲ, ಅದು ಇದ್ದೇ ಇದೆ. ಆದರೆ ಆ ನೆನಪಿನ ಕೆಳಗೆ ಇನ್ನೊಂದು ಕೊರತೆ ಕೆಲಸ ಮಾಡುತ್ತಿರುತ್ತದೆಂದು ಮೊದಲು ಹಿಡಿದು ನೋಡಿದವರಲ್ಲಿ ಒಬ್ಬರು ತಾವೂ ಹೀಗೇ ದೇಶ ಬಿಟ್ಟು ಬಂದವರು. ನಾರ್ಮನ್ ರೋಸೆಂಥಾಲ್ ಎಂಬ ಮನೋವೈದ್ಯ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನ ಧಾರಾಳ ಬಿಸಿಲಿನಲ್ಲಿ ಬೆಳೆದು, 1976ರಲ್ಲಿ ನ್ಯೂಯಾರ್ಕ್‌ಗೆ ಬಂದರು. ಚಳಿಗಾಲ ಬಂದಂತೆ ತಮ್ಮ ಚೈತನ್ಯ ಇಳಿಯುವುದನ್ನೂ ವಸಂತದಲ್ಲಿ ಅದು ತಾನಾಗಿ ಏರುವುದನ್ನೂ ಅವರು ತಮ್ಮ ಮೈಯಲ್ಲೇ ಕಂಡರು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡುವಾಗ ಒಬ್ಬ ಎಂಜಿನಿಯರ್ ತನ್ನ ಮನಸ್ಸಿನ ಏರಿಳಿತವನ್ನು ವರ್ಷಗಟ್ಟಲೆ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಇದು ಹಗಲಿನ ಉದ್ದದ ಜೊತೆ ನಡೆಯುತ್ತಿದೆ ಎಂದು ಹೇಳುತ್ತ ಅಲ್ಲಿಗೆ ಬಂದಿದ್ದ. ಚಳಿಗಾಲದ ಬೆಳಿಗ್ಗೆ ಮತ್ತು ಸಂಜೆ ಅವನನ್ನು ಪ್ರಖರ ದೀಪಗಳ ಎದುರು ಕೂರಿಸಿ ಅವನ ದಿನವನ್ನು ಉದ್ದ ಮಾಡಿದರು. ಕೆಲವೇ ದಿನಗಳಲ್ಲಿ ಅವನು ಚೇತರಿಸಿಕೊಂಡ. 1984ರಲ್ಲಿ ರೋಸೆಂಥಾಲ್ ಮತ್ತು ಜೊತೆಗಾರರು 29 ಜನರ ಅನುಭವವನ್ನು ಮುಂದಿಟ್ಟು ಈ ಸ್ಥಿತಿಯನ್ನು ವೈದ್ಯಲೋಕಕ್ಕೆ ವಿವರಿಸಿದರು. ಅಲ್ಲಿಯವರೆಗೆ ಅದು ಎಷ್ಟು ಸಾವಿರ ಅಡುಗೆಮನೆಗಳಲ್ಲಿ, ಎಷ್ಟು ಬಾಡಿಗೆ ಕೋಣೆಗಳಲ್ಲಿ, ಸೋಮಾರಿತನವೆಂಬ ಬೈಗುಳ ತಿಂದುಕೊಂಡು ಇತ್ತೋ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಅದರ ಹಿಂದಿನ ಒಂದು ಸೂಕ್ಷ್ಮ. ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ನೋಡುವುದಕ್ಕೆಂದು ಕೋಟ್ಯಂತರ ಕೋಶಗಳಿವೆ, ಅದು ಶಾಲೆಯಲ್ಲೇ ಓದಿದ್ದು. ಆದರೆ ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಬೇರೆಯೇ ಜಾತಿಯ ಕೋಶಗಳಿವೆ ಎಂಬುದು ಗೊತ್ತಾದದ್ದು ಮೊನ್ನೆ ಮೊನ್ನೆ, ಇಪ್ಪತ್ತೊಂದನೆಯ ಶತಮಾನ ಹುಟ್ಟುವ ಹೊತ್ತಿಗೆ. ಅವು ಹೂವನ್ನು, ಮುಖವನ್ನು, ಅಕ್ಷರವನ್ನು ನಮಗೆ ತೋರಿಸುವ ಕೆಲಸದಲ್ಲಿ ಹೆಚ್ಚು ತೊಡಗುವುದಿಲ್ಲ. ಅವುಗಳಲ್ಲಿ ಮೆಲನಾಪ್ಸಿನ್ ಎಂಬ ಪದಾರ್ಥವಿದೆ, ಅದು ಆಕಾಶದ ನೀಲಿಗೆ ಎಲ್ಲಕ್ಕಿಂತ ಹೆಚ್ಚು ಮಿಡಿಯುತ್ತದೆ. ಹೊರಗೆ ಬೆಳಕು ಎಷ್ಟಿದೆ, ಬೆಳಗಾಯಿತೇ, ಬೈಗಾಯಿತೇ ಎಂಬಷ್ಟನ್ನೇ ಅವು ಮಿದುಳಿನ ತಳದಲ್ಲಿ, ಎರಡು ಕಣ್ಣಿನ ನರಗಳೂ ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ ಕುಳಿತ ಅಕ್ಕಿಕಾಳಿನಷ್ಟು ಚಿಕ್ಕದೊಂದು ಗುಂಪಿಗೆ ಮುಟ್ಟಿಸುತ್ತವೆ. ಸುಮಾರು 20,000 ನರಕೋಶಗಳ ಆ ಪುಟ್ಟ ಗುಂಪು ಮೈಯ ಗಡಿಯಾರ. ಯಾವಾಗ ನಿದ್ದೆ, ಯಾವಾಗ ಹಸಿವು, ಯಾವಾಗ ಮೈ ಬಿಸಿಯೇರಬೇಕು, ಎಲ್ಲದರ ತಾಳ ಅಲ್ಲಿಂದ. ಕಣ್ಣು ಕಾಣದ ಕೆಲವರಲ್ಲೂ ಈ ಕೋಶಗಳು ಉಳಿದಿರುತ್ತವೆ. ಅವರಿಗೆ ಜಗತ್ತು ಕಾಣುವುದಿಲ್ಲ, ಆದರೆ ಅವರ ಮೈಗೆ ಬೆಳಗಾದದ್ದು ತಿಳಿಯುತ್ತದೆ.

ಕಣ್ಣಿನೊಳಗೆ ನಮಗೇ ತಿಳಿಯದಂತೆ, ನಮ್ಮ ಅಪ್ಪಣೆ ಕೇಳದೆ, ಹುಟ್ಟಿದಂದಿನಿಂದ ಸೂರ್ಯನಿಗೆ ಮುಖಮಾಡಿ ಕುಳಿತ ಒಂದಷ್ಟು ಕೋಶಗಳು. ಅಜ್ಜ ತುಂಗೆಯಲ್ಲಿ ಮುಳುಗಿ ಎದ್ದು, ನಡುಮಟ್ಟ ನೀರಿನಲ್ಲಿ ನಿಂತು, ಬೊಗಸೆ ನೀರೆತ್ತಿ ಅರ್ಘ್ಯ ಬಿಡುತ್ತಿದ್ದಾಗ ನೀರ ಎಳೆ ಬೆಳಕಿನಲ್ಲಿ ಒಂದು ಕ್ಷಣ ನಿಂತು ಮತ್ತೆ ಹೊಳೆಗೆ ಸೇರುತ್ತಿತ್ತು. ಅವನ ರೆಪ್ಪೆಯ ಮೇಲೆ ಇನ್ನೂ ಹನಿಗಳಿದ್ದವು. ಅವನು ಹೇಳುತ್ತಿದ್ದ ಮಂತ್ರ ಹೊರಗೆ ಕೇಳುತ್ತಿತ್ತು. ಅವನ ಒಳಗೆ, ಆ ಒದ್ದೆ ರೆಪ್ಪೆಗಳ ಹಿಂದೆ, ಅದೇ ಹೊತ್ತಿನಲ್ಲಿ ಮಾತಿಲ್ಲದ ಇನ್ನೊಂದು ಅರ್ಘ್ಯವೂ ಸಲ್ಲುತ್ತಿತ್ತೆಂದು ಈಗ, ಬಿಸಿಲಿಲ್ಲದ ಊರಿನಲ್ಲಿ ಕುಳಿತು ನೆನೆದಾಗ ಮೈ ಜುಮ್ಮೆನ್ನುತ್ತದೆ.

ಇಲ್ಲಿಯ ಹೊಟೋರ್ಯೆಟ್ ಚೌಕದಲ್ಲಿ, ಹಣ್ಣು ಹೂವಿನ ಗಾಡಿಗಳ ಎದುರಿಗೆ, ನೀಲಿ ಬಣ್ಣದ ದೊಡ್ಡದೊಂದು ಕಟ್ಟಡವಿದೆ. ಊರಿನ ಸಂಗೀತ ಮಂದಿರ. ಪ್ರತಿ ಡಿಸೆಂಬರ್ 10ರಂದು ನೊಬೆಲ್ ಪ್ರಶಸ್ತಿಗಳನ್ನು ಕೊಡುವುದು ಅಲ್ಲಿ. 2017ರಲ್ಲಿ ಮೈಯೊಳಗಿನ ಇದೇ ಗಡಿಯಾರದ ಗುಟ್ಟನ್ನು ಹಣ್ಣುನೊಣದ ಜೀನುಗಳಲ್ಲಿ ಬಿಡಿಸಿ ಕಂಡ ಹಾಲ್, ರೋಸ್‌ಬಾಷ್ ಮತ್ತು ಯಂಗ್ ಅಲ್ಲಿ ನಿಂತು ಪ್ರಶಸ್ತಿ ಪಡೆದರು. ಅದಕ್ಕೂ ಬಹಳ ಹಿಂದೆ, 1930ರ ಡಿಸೆಂಬರಿನಲ್ಲಿ, ಸಿ.ವಿ. ರಾಮನ್ ಅದೇ ಕಟ್ಟಡದೊಳಗೆ ನಡೆದುಹೋಗಿದ್ದರು, ಬೆಳಕು ಚದುರುವ ಬಗೆಯನ್ನು ಅರಿತದ್ದಕ್ಕಾಗಿ. 1921ರಲ್ಲಿ ಹಡಗಿನಲ್ಲಿ ಮೆಡಿಟರೇನಿಯನ್ ಕಡಲನ್ನು ದಾಟುವಾಗ ಅದರ ನೀಲಿಯ ಎದುರು ಬೆರಗಾಗಿ ನಿಂತವರು, ಮುಂದೆ 1933ರಿಂದ ಬೆಂಗಳೂರನ್ನೇ ಮನೆ ಮಾಡಿಕೊಂಡವರು, ಬೆಳಕಿನ ಕೆಲಸಕ್ಕೆ ಸಂದ ಗೌರವವನ್ನು ತೆಗೆದುಕೊಳ್ಳಲು ವರ್ಷದ ಅತಿ ಕತ್ತಲೆಯ ತಿಂಗಳಲ್ಲಿ ಈ ಊರಿಗೆ ಬಂದರು. ಸಂಜೆ ಆ ಮೆಟ್ಟಿಲುಗಳ ಪಕ್ಕದಲ್ಲಿ ಹಾದು ಹೋಗುವಾಗ ಪ್ರತಿ ಸಲ ಅವರ ಪೇಟ ನೆನಪಾಗುತ್ತದೆ.

ಫ್ರಾನ್ಸಿನ ಡಿ ಮೆರಾನ್ ಎಂಬ ಖಗೋಳಜ್ಞ 1729ರಲ್ಲಿ ಮಾಡಿದ ಒಂದು ಪರೀಕ್ಷೆಯಿಂದ ಈ ಗಡಿಯಾರದ ಕಥೆ ಶುರುವಾಗುತ್ತದೆ. ಅವನು ತೆಗೆದುಕೊಂಡದ್ದು ಮುಟ್ಟಿದರೆ ಮುನಿಯ ಜಾತಿಯ ಒಂದು ಗಿಡ. ಹಗಲಿನಲ್ಲಿ ಎಲೆ ಬಿಡಿಸುವ, ಸಂಜೆಗೆ ಮಡಚಿಕೊಳ್ಳುವ ಆ ಗಿಡವನ್ನು ಅವನು ಬೆಳಕೇ ಬಾರದ ಜಾಗದಲ್ಲಿಟ್ಟ. ಗಿಡ ಕತ್ತಲೆಯಲ್ಲೇ, ಹೊರಗೆ ಹಗಲಾದ ಹೊತ್ತಿಗೆ ಎಲೆ ಬಿಡಿಸಿತು. ಹೊರಗೆ ಇರುಳಾದ ಹೊತ್ತಿಗೆ ಮಡಚಿತು. ನಮ್ಮ ಅಂಗಳದ ಅಂಚಿನಲ್ಲಿ, ಅಡಿಕೆ ಒಣಹಾಕುವ ಜಾಗದ ಪಕ್ಕದಲ್ಲಿ, ಗುಲಾಬಿ ಬಣ್ಣದ ನಾರುನಾರು ಹೂವಿನ ಆ ಮುಳ್ಳುಗಿಡವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಮುನಿಸುತ್ತ ಬೆಳೆದವರು ನಾವು. ಗೆಣ್ಣಿನಲ್ಲಿ ಮೊದಲು ಸಣ್ಣದೊಂದು ಸೋಲು, ಆಮೇಲೆ ಒಂದರ ಹಿಂದೊಂದು ಎಲೆಜೋಡಿ ಅಂಗೈ ಕೂಡಿಸಿದ್ದು, ಕೊನೆಗೆ ತೊಟ್ಟೇ ತಲೆ ಬಾಗಿಸಿದ್ದು, ಮತ್ತೆ ನಾವು ಆಟ ಮರೆತು ಹೋದ ಮೇಲೆ ಯಾರೂ ನೋಡದಾಗ ಒಂದೊಂದೇ ಬಿಚ್ಚಿಕೊಂಡದ್ದು. ಅದೇ ಗಿಡದ ಒಳಗೆ, ಕತ್ತಲೆಯ ಪೆಟ್ಟಿಗೆಯಲ್ಲೂ ಸೂರ್ಯೋದಯವನ್ನು ಮರೆಯದ ಒಂದು ಎಚ್ಚರವಿತ್ತೆಂದು ಆಗ ಯಾರಿಗೆ ಗೊತ್ತಿತ್ತು?

ಮನುಷ್ಯನ ಒಳಗಿನ ಎಚ್ಚರವೂ ಅಂಥದ್ದೇ. ಆದರೆ ಅದರ ದಿನ 24 ಗಂಟೆಗಿಂತ ಒಂದಿಷ್ಟು ಉದ್ದ. ಬೆಳಗಿನ ಬೆಳಕು ದಿನವೂ ಬಂದು ಮೆಲ್ಲನೆ ಮುಟ್ಟಿ ಸರಿಪಡಿಸದಿದ್ದರೆ ಅದು ಸ್ವಲ್ಪ ಸ್ವಲ್ಪವೇ ಹಿಂದೆ ಬೀಳುತ್ತದೆ. ಹೊರಗೆ ಕಚೇರಿಯ ಹೊತ್ತಾದರೂ ಒಳಗೆ ಇನ್ನೂ ರಾತ್ರಿಯ ಕೊನೆಯ ಜಾವ. ಬೇಸಿಗೆಯ ನಡುಹಗಲಿನ ಬಯಲಿನಲ್ಲಿ ಬೆಳಕಿನ ಅಳತೆ 1,00,000 ಲಕ್ಸ್ ಮುಟ್ಟುತ್ತದೆ, ಚೆನ್ನಾಗಿ ದೀಪ ಹಾಕಿದ ಕಚೇರಿಯೊಳಗೆ ಅದು 500ರ ಆಸುಪಾಸು. ನಮಗೆ ಎರಡೂ ಬೆಳಕೇ. ಎರಡರಲ್ಲೂ ಓದಬಹುದು, ಬರೆಯಬಹುದು. ಆ ಕೋಶಗಳಿಗೆ ಎರಡನೆಯದು ಬರೀ ಮಬ್ಬು. ಊರಿನಲ್ಲಿ ಬೆಳಿಗ್ಗೆ ಬಚ್ಚಲಿಗೆ ನೀರು ಹೊತ್ತದ್ದು, ಬಸ್ಸಿಗೆ ಕಾದದ್ದು, ಬಟ್ಟೆ ಹರವಿದ್ದು, ಹೂ ಕೊಯ್ದದ್ದು, ಹಾಲಿನ ಡೈರಿಗೆ ನಡೆದದ್ದು, ಎಲ್ಲದರಲ್ಲೂ ಲೆಕ್ಕವಿಲ್ಲದೆ ಮೈಮೇಲೆ ಸುರಿದದ್ದರ ಬೆಲೆ ಅದು ನಿಂತ ಮೇಲೆ ತಿಳಿಯುತ್ತದೆ. ಈ ಮಂಕಿಗೆ ನಾಚಿಕೊಳ್ಳುವಂಥದ್ದೇನೂ ಇಲ್ಲವೆಂದೇ ನನಗನಿಸುವುದು. ಮೈ ತನ್ನ ಸೂರ್ಯನನ್ನು ಕೇಳುತ್ತಿದೆ. ಕೇಳುವಷ್ಟು ನಂಟು ಅದಕ್ಕಿದೆ.

ಹಾಗೆ ನೋಡಿದರೆ ಬಿಸಿಲಿಲ್ಲದ ಕಾಲ ಮಲೆನಾಡಿನವರಿಗೆ ಹೊಸದೂ ಅಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯ ಆಚೀಚಿನ ಊರುಗಳಲ್ಲಿ, ಪುನರ್ವಸು ಪುಷ್ಯ ಮಳೆಗಳು ಕೂತು ಹೊಡೆಯುವಾಗ, ವಾರಗಟ್ಟಲೆ ಸೂರ್ಯನ ಸುಳಿವಿರುವುದಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಅಂಗಿಗೆ ಹೊಗೆಯ ವಾಸನೆ, ಗೋಡೆಗೆ ಹಸಿರು ಪಾಚಿ, ಪುಸ್ತಕದ ಹಾಳೆಗೆ ಬೂಷ್ಟು, ಹಿರಿಯರ ಮಾತಿಗೂ ಒಂದು ಭಾರ. ಆಗ ನಮ್ಮವರು ಏನು ಮಾಡುತ್ತಿದ್ದರು? ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳದ ಕಟ್ಟು ಬಿಚ್ಚುತ್ತಿದ್ದರು. ಕೆಂಡದ ಮೇಲೆ ಅದು ಗುಳ್ಳೆಯೇಳುವ ಸದ್ದು, ಜೊತೆಗೆ ಹಸಿ ಕೊಬ್ಬರಿ ಚೂರು, ಇಡೀ ಮನೆ ಒಲೆಯ ಸುತ್ತ. ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿ ಗೆಜ್ಜೆ ಬಿಚ್ಚಿದ ಆ ತಿಂಗಳುಗಳಲ್ಲಿ ಯಾರದೋ ಮನೆಯ ಜಗಲಿಯಲ್ಲಿ ತಾಳಮದ್ದಳೆ ಸೇರುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ. ಚಾಪೆಯ ಮೇಲೆ ಕುಳಿತ ನಾಲ್ಕಾರು ಜನ ಬರೀ ಮಾತಿನಿಂದ ಕರ್ಣನನ್ನು ಕರೆತರುತ್ತಿದ್ದರು. ಹೊರಗೆ ಮಾಡಿನಿಂದ ನೀರು ಧಾರೆಯಾಗಿ ಸುರಿಯುತ್ತಿದ್ದರೆ ಒಳಗೆ ಸೂರ್ಯನ ಮಗ ಲಾಟೀನಿನ ಬೆಳಕಿನಲ್ಲಿ ಮಾತಾಡುತ್ತಿದ್ದ. ಬಿಸಿಲಿನ ಕಾಲದ ಯಾವ ಆಟವೂ ಆ ರಾತ್ರಿಗಳ ಆಳವನ್ನು ಮುಟ್ಟಲಿಲ್ಲ ಎಂದೇ ನನ್ನ ಅನಿಸಿಕೆ.

ಇಲ್ಲಿಯವರೂ ತಮ್ಮ ಕತ್ತಲೆಯನ್ನು ಹೀಗೇ ಮನೆಯೊಳಗೆ ಕರೆದುಕೊಂಡಿದ್ದಾರೆ. ನವೆಂಬರಿನ ಮೊದಲ ದಿನಗಳಲ್ಲಿ ಬರುವ ಸರ್ವಸಂತರ ದಿನದಂದು, ಊರಿನ ದಕ್ಷಿಣಕ್ಕಿರುವ ಸ್ಕೂಗ್ಸ್‌ಶಿರ್ಕೊಗೋರ್ಡನ್ ಎಂಬ ಕಾಡಿನ ಸ್ಮಶಾನಕ್ಕೆ ಜನ ಸದ್ದಿಲ್ಲದೆ ಹೋಗುತ್ತಾರೆ. ಮುಗಿಲಿಗೆ ನೆಟ್ಟಗೆ ಎದ್ದ ಪೈನ್ ಮರಗಳು, ಬುಡದಲ್ಲಿ ಗೋರಿಗಳು, ಪ್ರತಿಯೊಂದರ ಮುಂದೆ ಗಾಜಿನ ಗೂಡಿನಲ್ಲಿ ಒಂದೊಂದು ಮೇಣದ ಬತ್ತಿ. ನೋಡಿದಷ್ಟು ದೂರ ಕಾಡಿನ ನೆಲವೇ ಮಿಣುಕುತ್ತಿರುತ್ತದೆ. ಒದ್ದೆ ಪೈನ್ ಎಲೆಯ ಕಟುಗಂಪು, ಅದರ ಜೊತೆ ಕರಗಿದ ಮೇಣದ ವಾಸನೆ. ಅಜ್ಜಿಯೊಬ್ಬಳು ಮಂಡಿಯೂರಿ, ಕೈಗವಸು ಕಳಚಿ, ಬರಿಬೆರಳಿನಿಂದ ಕಲ್ಲಿನ ಮೇಲಿನ ಎಲೆ ಸರಿಸಿ, ಕಡ್ಡಿ ಗೀರಿ, ಗಾಳಿಗೆ ಅಂಗೈ ಮರೆಮಾಡಿದಳು. ಆ ಅಂಗೈ ಒಳಗಿನಿಂದ ಕೆಂಪಗೆ ಬೆಳಗಿತು. ದೀಪಾವಳಿ ಕಳೆದು ಕಾರ್ತಿಕದ ದೀಪಗಳು ನಮ್ಮ ಗುಡಿಗಳಲ್ಲಿ ಉರಿಯುವುದೂ ಹೆಚ್ಚುಕಮ್ಮಿ ಇದೇ ವಾರಗಳಲ್ಲಿ. ಒಂದಕ್ಕೊಂದು ಪರಿಚಯವೇ ಇಲ್ಲದ ಎರಡು ನಾಡುಗಳು, ಹಗಲು ಕುಗ್ಗುವ ಕಾಲಕ್ಕೆ, ನೆಲದ ಹತ್ತಿರ, ಬಾಗಿಕೊಂಡು, ಸಣ್ಣ ಬೆಂಕಿ ಹೊತ್ತಿಸುತ್ತವೆ.

ಡಿಸೆಂಬರ್ ಹೊತ್ತಿಗೆ ಈ ಊರಿನ ಬಹುಪಾಲು ಕಿಟಕಿಗಳಲ್ಲಿ ದೀಪ. ಏಳು ಬತ್ತಿಗಳ ಕಮಾನು, ಇಲ್ಲವೇ ಕಾಗದದ ನಕ್ಷತ್ರ. ಪರದೆ ಎಳೆಯುವುದಿಲ್ಲ. ದೀಪ ಮನೆಯೊಳಗಿನವರಿಗೆ ಎಷ್ಟೋ ಬೀದಿಯಲ್ಲಿ ಹೋಗುವವರಿಗೂ ಅಷ್ಟೇ. 13ನೇ ತಾರೀಖು ಲೂಸಿಯಾ ಹಬ್ಬ. ಬಿಳಿ ನಿಲುವಂಗಿಯ ಹುಡುಗಿ ತಲೆಯ ಮೇಲೆ ಉರಿಯುವ ಬತ್ತಿಗಳ ಕಿರೀಟ ಹೊತ್ತು ಕತ್ತಲೆಯ ಕೋಣೆಯೊಳಗೆ ಹಾಡುತ್ತ ನಡೆದು ಬರುತ್ತಾಳೆ, ಕೇಸರಿ ಹಾಕಿದ ಬನ್ನಿನ ಪರಿಮಳ ಅವಳ ಹಿಂದೆ. 1753ರಲ್ಲಿ ಸ್ವೀಡನ್ ಹೊಸ ಪಂಚಾಂಗಕ್ಕೆ ಬದಲಾಗುವ ಮೊದಲು, ಹಳೆಯ ಲೆಕ್ಕದಲ್ಲಿ, ಲೂಸಿಯಾಳ ರಾತ್ರಿ ವರ್ಷದ ಅತಿ ಉದ್ದನೆಯ ರಾತ್ರಿಯೆಂದು ಜನ ನಂಬಿದ್ದರು. ಈಗ ಆ ಉದ್ದನೆಯ ರಾತ್ರಿ ಒಂದು ವಾರ ಮುಂದೆ ಇದೆ. ಆದರೂ ಒಂದು ಸೋಜಿಗ ಉಳಿದಿದೆ. ಈ ಊರಿನಲ್ಲಿ ಸೂರ್ಯ ಅತಿ ಬೇಗ ಮುಳುಗುವ ಸಂಜೆ ಲೂಸಿಯಾ ದಿನದ ಆಸುಪಾಸಿನಲ್ಲೇ ಬರುತ್ತದೆ. ಬೆಳಗು ಇನ್ನೂ ತಡವಾಗುತ್ತಲೇ ಹೋಗುತ್ತದೆ, ಸಂಜೆ ಮಾತ್ರ ಯಾರಿಗೂ ಹೇಳದೆ, ಸೆಕೆಂಡುಗಳ ಲೆಕ್ಕದಲ್ಲಿ ಹಿಂದೆ ಸರಿಯತೊಡಗಿರುತ್ತದೆ. ಕತ್ತಲೆ ಪೂರ್ತಿ ತುಂಬುವ ಮೊದಲೇ ಒಂದು ಕಡೆಯಿಂದ ಬೆಳಕು ಮರಳುವುದು ಶುರುವಾಗಿರುತ್ತದೆ.

ಮತ್ತೆ ಆ ಮುಸ್ಸಂಜೆ. ಊರಿನಲ್ಲಿ ಸೂರ್ಯ ನೆಟ್ಟಗೆ ಇಳಿಯುತ್ತಾನೆ; ಹೊತ್ತು ಮುಳುಗಿ 20–25 ನಿಮಿಷಕ್ಕೆ ಕಪ್ಪು. ಇಲ್ಲಿ ಅವನು ದಿಗಂತದ ಉದ್ದಕ್ಕೂ ಓರೆಯಾಗಿ ಜಾರುವುದರಿಂದ ಮುಸ್ಸಂಜೆ ಮುಕ್ಕಾಲು ಗಂಟೆಗೂ ಮೀರಿ ನಿಲ್ಲುತ್ತದೆ, ಮತ್ತು ಆ ಹೊತ್ತಿನ ನೀಲಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಗಲಿನ ಆಕಾಶ ನೀಲಿಯಾಗುವುದು ಗಾಳಿಯ ಕಣಗಳು ಬೆಳಕನ್ನು ಚದುರಿಸುವುದರಿಂದ. ಹೊತ್ತು ಮುಳುಗಿದ ಮೇಲೆ ನೆತ್ತಿಯ ಮೇಲೆ ಉಳಿಯುವ ಈ ಗಾಢ ನೀಲಿಗೆ ಮುಖ್ಯವಾಗಿ ಬಹು ಎತ್ತರದ ಓಝೋನ್ ಪದರ ಕಾರಣ, ಅದು ಕಿತ್ತಳೆ ಹಳದಿಗಳನ್ನು ಹೀರಿಕೊಂಡು ನೀಲಿಯನ್ನು ಮಾತ್ರ ಕೆಳಗೆ ಬಿಡುತ್ತದೆ. ಹಿಮ ಬಿದ್ದಿದ್ದರೆ ಆ ನೀಲಿ ನೆಲಕ್ಕೂ ಇಳಿದು, ಸರೋವರದ ಹೆಪ್ಪಿನ ಮೇಲೆ, ದೋಣಿಗಳ ಬೋರಲು ಬೆನ್ನಿನ ಮೇಲೆ, ಮಗುವನ್ನು ಸ್ಲೆಡ್ಜಿನಲ್ಲಿ ಎಳೆದುಕೊಂಡು ಹೋಗುವ ತಂದೆಯ ಟೋಪಿಯ ಮೇಲೆ ಹರಡಿ, ಎಲ್ಲ ಒಂದೇ ನೀಲಿಯೊಳಗೆ ಮುಳುಗಿ ಉಸಿರಾಡುತ್ತವೆ. ನಾರ್ವೆಯ ಉತ್ತರದ ಹಿಮಸಾರಂಗಗಳ ಕಣ್ಣಿನ ಒಳಪದರ ಬೇಸಿಗೆಯಲ್ಲಿ ಹೊನ್ನಿನ ಬಣ್ಣಕ್ಕಿದ್ದು ಚಳಿಗಾಲದಲ್ಲಿ ಕಡುನೀಲಿಗೆ ಬದಲಾಗುತ್ತದೆಂದು 2013ರಲ್ಲಿ ವಿಜ್ಞಾನಿಗಳು ತಿಳಿಸಿದರು. ಹಾಗೆ ಬದಲಾದ ಕಣ್ಣು ಮಬ್ಬಿನಲ್ಲೂ ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಪ್ರಾಣಿಯ ಕಣ್ಣೇ ಋತುವಿನ ಬಣ್ಣ ತಾಳುತ್ತದೆ! ನಮಗೆ ಅಷ್ಟು ಬೇಗ ಬಾರದು. ಆದರೆ ಮನಸ್ಸು ನಿಧಾನವಾಗಿ ಈ ನೀಲಿಗೆ ಹೊಂದಿಕೊಳ್ಳುವುದನ್ನು ಬಲ್ಲೆ.

ಓರೆ ಬಿಸಿಲಿಗೆ ಇನ್ನೊಂದು ಗುಣವಿದೆ. ಊರಿನ ನೆತ್ತಿಯ ಬಿಸಿಲು ಮಾಡಿನ ಮೇಲೇ ನಿಂತುಬಿಡುತ್ತದೆ, ಒಳಗೆ ಬರುವುದು ಹೊಸ್ತಿಲಿನ ತನಕ, ಬಂದರೆ ಬೆಳಕಿಂಡಿಯ ಒಂದು ಕೋಲು. ಇಲ್ಲಿಯ ಚಳಿಗಾಲದ ಸೂರ್ಯ ಕೆಳಗಿರುವುದರಿಂದಲೇ ದಕ್ಷಿಣದ ಕಿಟಕಿಯಿಂದ ನೇರ ಒಳನುಗ್ಗಿ ಕೋಣೆಯ ಕಟ್ಟಕಡೆಯ ಗೋಡೆಯನ್ನು ಮುಟ್ಟುತ್ತಾನೆ. ಮೋಡ ಸರಿದ ದಿನ, ಹನ್ನೊಂದೂವರೆ ಹೊತ್ತಿಗೆ, ಮೇಜಿನ ಮೇಲಿನ ಸ್ಟೀಲ್ ಲೋಟದ ಅಂಚು ಹೊತ್ತಿಕೊಳ್ಳುತ್ತದೆ, ಉಪ್ಪಿನ ಜಾಡಿಯ ನೆರಳು ಮೊಳದುದ್ದ ಚಾಚುತ್ತದೆ, ಬಿಸಿ ಕಾಫಿಯ ಹಬೆ ಸುರುಳಿ ಸುರುಳಿಯಾಗಿ ಬಂಗಾರಕ್ಕೆ ತಿರುಗಿ, ಒಳಗೋಡೆಯ ಮೇಲೆ ಹೊರಗಿನ ಬರ್ಚ್ ರೆಂಬೆಗಳ ಚಿತ್ರ ನಡುಗುತ್ತದೆ. ಬೇಸಿಗೆಯಲ್ಲಿ ಎಂದೂ ಬೆಳಕು ತಾಗದ ಮೂಲೆ ಅದು. ಅಲ್ಲಿ ದೇವರ ಪಟ ಇಟ್ಟಿದ್ದೇನೆ. ವರ್ಷದ ಅತಿ ಬಡ ಬಿಸಿಲು ಮಾತ್ರ ಅಲ್ಲಿಯವರೆಗೆ ಬರುತ್ತದೆ.

ಆಮೇಲೆ ತಿಂಗಳು ತಿರುಗುತ್ತದೆ. ನಾವು ಎಳ್ಳುಬೆಲ್ಲ ಹಂಚುವ ಸಂಕ್ರಾಂತಿಯ ಹೊತ್ತಿಗೆ ಇಲ್ಲಿಯ ಹಗಲು ಮುಕ್ಕಾಲು ಗಂಟೆಯಷ್ಟು ಉದ್ದವಾಗಿರುತ್ತದೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗಿದ್ದು ಮೂರು ವಾರ ಹಿಂದೆಯೇ. ಊರಿನಲ್ಲಿ ಆ ವ್ಯತ್ಯಾಸ ಪಂಚಾಂಗದವರ ಚರ್ಚೆ, ಇಲ್ಲಿ ಅದು ಕಣ್ಣಿಗೇ ಕಾಣುವ ಸಂಗತಿ. ರಥಸಪ್ತಮಿಯ ಬೆಳಿಗ್ಗೆ ತಲೆಯ ಮೇಲೆ, ಹೆಗಲ ಮೇಲೆ ಎಕ್ಕದ ಎಲೆ ಇಟ್ಟು ನೀರು ಹಾಕಿಕೊಂಡವರಿಗೆ, ಎಕ್ಕವೇ ಬೆಳೆಯದ ಈ ನಾಡಿನಲ್ಲಿ ಆ ದಿನ ಮಾಡಲು ಏನೂ ಇಲ್ಲ. ಕಿಟಕಿಗೆ ಎದುರಾಗಿ ನಿಂತಿರುವುದೊಂದು. ಅಷ್ಟು ಸಾಕಾಗಿದೆ. ಮಾರ್ಚಿನಲ್ಲಂತೂ ಹಗಲು ದಿನಕ್ಕೆ 5 ನಿಮಿಷಕ್ಕೂ ಹೆಚ್ಚು ಬೆಳೆಯುತ್ತದೆ, ನಿನ್ನೆ ಕತ್ತಲೆಯಲ್ಲಿ ನಡೆದ ದಾರಿಯಲ್ಲಿ ಇವತ್ತು ನೆರಳು ಬಿದ್ದಿರುತ್ತದೆ. ಆಗ ಆ ನೀಲಿ ಸಂಗೀತ ಮಂದಿರದ ಮೆಟ್ಟಿಲುಗಳ ಮೇಲೆ ಜನ ಬಂದು ಕೂರುತ್ತಾರೆ. ಇನ್ನೂ ಕೋಟು, ಇನ್ನೂ ಮಫ್ಲರು. ಕಣ್ಣು ಮುಚ್ಚಿ, ಮುಖ ಮೇಲೆತ್ತಿ, ಒಬ್ಬರೊಡನೊಬ್ಬರು ಮಾತಾಡದೆ, ಬಿಸಿಲಿಗೆ ಮುಖವೊಡ್ಡಿ ಕುಳಿತುಬಿಡುತ್ತಾರೆ. ಗುಡಿಗೆ ಹೋಗದವರೂ ಚರ್ಚಿಗೆ ಹೋಗದವರೂ ಅಲ್ಲಿದ್ದಾರೆ. ಅವರ ನಡುವೆ ಒಂದು ಮೆಟ್ಟಿಲಿನ ಮೇಲೆ ಜಾಗ ಮಾಡಿಕೊಂಡು ಕೂತಾಗ ಇದು ಪರದೇಶ ಎನಿಸುವುದಿಲ್ಲ.

ಈ ವರ್ಷ ಹೊಸದಾಗಿ ಬಂದು, ಮೊದಲ ಚಳಿಗಾಲದ ಹೊಸ್ತಿಲಲ್ಲಿ ನಿಂತವರಿಗೆ ಒಂದು ಮಾತು. ಮೋಡವಿದ್ದರೂ ನಡುಹಗಲಿಗೆ ಹೊರಗೆ ಬನ್ನಿ. ಮೋಡದ ಆಕಾಶವೂ ಕಚೇರಿಯ ದೀಪಕ್ಕಿಂತ ಎಷ್ಟೋ ಪಾಲು ದೊಡ್ಡದು. ಬೆಳಗಿನ ಹೊತ್ತು ಅರ್ಧ ಗಂಟೆ 10,000 ಲಕ್ಸಿನ ದೀಪದೆದುರು ಕೂರುವುದು ಹಲವರಿಗೆ ನೆರವಾಗಿದೆ, ಕಣ್ಣಿನ ಕಾಯಿಲೆ ಇರುವವರು, ಮನಸ್ಸು ವಿಪರೀತ ಏರಿಳಿಯುವ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಊಟಕ್ಕೆ ಕರೆದವರ ಮನೆಗೆ ಮನಸ್ಸಿಲ್ಲದಿದ್ದರೂ ಹೋಗಿ. ಅಮ್ಮ ಕೇಳಿದರೆ ಬಿಸಿಲು ಬರಲಿಲ್ಲವೆಂದು ನಿಜವನ್ನೇ ಹೇಳಿ. ಭಾರ ವಾರಗಟ್ಟಲೆ ಇಳಿಯದಿದ್ದರೆ, ಬದುಕೇ ಬೇಡವೆನಿಸಿದರೆ, ವಸಂತ ಬರಲಿ ಎಂದು ಕಾಯಬೇಡಿ, ಒಬ್ಬರೇ ಇರಬೇಡಿ. ಸ್ವೀಡನ್ನಿನಲ್ಲಿ 1177ಕ್ಕೆ ಕರೆ ಮಾಡಿದರೆ ಹಗಲೂ ರಾತ್ರಿಯೂ ನರ್ಸ್ ಒಬ್ಬರು ಮಾತಾಡುತ್ತಾರೆ. ಜೀವಕ್ಕೆ ಅಪಾಯವೆನಿಸಿದರೆ 112.